ಕೋಕ್ ಆಗದ ಕಲ್ಲಿದ್ದಲು

ಕೋಕ್ ಅಂದ ತಕ್ಷಣ ಅಂಗಡಿಯ ಬಾಟಲಿ ನೆನಪು ಮಾಡ್ಕೋಬೇಡಿ. ಕಲ್ಲಿದ್ದಲನ್ನು ಗಾಳಿ ತಾಗದಂತೆ ಮುಚ್ಚಿ ಕಾಯಿಸಿದರೆ ನೀರು, ಟಾರು, ಅನಿಲ ಹೊರಗೆ ಬಂದು ಕೊನೆಗೆ ಉಳಿಯುವ ಗಟ್ಟಿ ಗಡ್ಡೆಗೆ ಕೋಕ್ ಎನ್ನುತ್ತಾರೆ. ನಾನು ಪ್ರಯೋಗ ಮಾಡುವ ಮೊದಲೇ, ಅಣ್ಣನ ಹಳೇ ರೆಕಾರ್ಡು ನೋಡಿ, "ಫಲಿತಾಂಶ: ಕೋಕ್ ದೊರೆಯಿತು" ಅಂತ ಬರೆದುಬಿಟ್ಟಿದ್ದೆ. ಎಡವಟ್ಟಾಗಿದ್ದು ಅಲ್ಲೇ.

ನನ್ನ ಹತ್ತಿರ ಇದ್ದದ್ದು ತಮಿಳುನಾಡಿನ ನೆಯ್ವೇಲಿಯ ಲಿಗ್ನೈಟ್. ಅಲ್ಲಿ ಕೆಲಸ ಮಾಡುವ ಚಿಕ್ಕಪ್ಪ ಹಬ್ಬಕ್ಕೆ ಬಂದಾಗ ಪೇಪರಿನಲ್ಲಿ ಸುತ್ತಿ ತಂದಿದ್ದರು. ಬಣ್ಣ ಕಂದು. ಉಗುರಿನಿಂದ ಕೆರೆದರೆ ಪುಡಿ ಉದುರುತ್ತೆ. ನೆಲದಿಂದ ತೆಗೆದಾಗ ಅದರ ತೂಕದಲ್ಲಿ ಸುಮಾರು ಅರ್ಧ ಬರೀ ನೀರು! ನಾನು ಒಂದು ವಾರ ಇಟ್ಟಿದ್ದರಿಂದ ಸ್ವಲ್ಪ ಒಣಗಿ ಬಿರುಕು ಬಿಟ್ಟಿತ್ತು. ಹೋಲಿಸಿ ನೋಡಲು ನಮ್ಮೂರ ಕುಲುಮೆಯಿಂದ ಹೊಳೆಯುವ ಕಪ್ಪು ಕಲ್ಲಿದ್ದಲು ಕೇಳಿ ತಂದೆ.

ಎರಡನ್ನೂ ಕುಟ್ಟಿ ಪುಡಿ ಮಾಡಿ, ತಲಾ 100 ಗ್ರಾಂ ತೂಗಿ, ಎರಡು ತಗಡಿನ ಡಬ್ಬಿಗೆ ತುಂಬಿದೆ. ಮುಚ್ಚಳಕ್ಕೆ ಮೊಳೆಯಿಂದ ಒಂದೊಂದು ತೂತು. ವಿಜ್ಞಾನದ ಮೇಷ್ಟ್ರು ಜೊತೆಗಿದ್ದರು, ಕುಲುಮೆ ಬಯಲಿನಲ್ಲಿತ್ತು. (ಈ ಅನಿಲದಲ್ಲಿ ವಿಷ ಇರುತ್ತೆ, ಮನೆಯೊಳಗೆ ಮಾಡಲೇಬೇಡಿ.) ಲಿಗ್ನೈಟ್ ಡಬ್ಬಿಯಿಂದ ಮೊದಲು ಬಂದದ್ದು ಬರೀ ಹಬೆ. ಬೆಂಕಿಕಡ್ಡಿ ಹಿಡಿದರೆ ಪುಸ್ಸನೆ ಆರಿಹೋಯ್ತು. ಬಹಳ ಹೊತ್ತಾದ ಮೇಲೆ ತೂತಿನಲ್ಲಿ ಸಣ್ಣ ಜ್ವಾಲೆ ಹತ್ತಿತು. ಕಪ್ಪು ಕಲ್ಲಿದ್ದಲಿನದು ಬೇಗನೇ ಹಳದಿ ಹೊಗೆ ಉಗುಳಿತು. ಟಾರು ಕಟ್ಟಿ ತೂತು ಮುಚ್ಚಿ, ಮುಚ್ಚಳ ಢಬ್ ಅಂತ ಹಾರಿ ನಾವೆಲ್ಲ ಓಡಿದೆವು! ಎರಡನೇ ಸಲ ತೂತು ದೊಡ್ಡದು ಮಾಡಿದೆವು.

ಪೂರ್ತಿ ಆರಿದ ಮೇಲೆ ತೆಗೆದರೆ, ಕಪ್ಪು ಕಲ್ಲಿದ್ದಲು ಡಬ್ಬಿಯ ಆಕಾರದಲ್ಲೇ ಉಬ್ಬಿ, ತೂತು ತೂತಾದ ಬೂದು ಗಡ್ಡೆ ಆಗಿತ್ತು, 74 ಗ್ರಾಂ. ಲಿಗ್ನೈಟ್ 36 ಗ್ರಾಂ, ಅದೂ ಹಾಕಿದ ಹಾಗೇ ಪುಡಿಪುಡಿ! "ನಾನು ಸರಿಯಾಗಿ ಕಾಯಿಸಲಿಲ್ಲವೇನೋ" ಅಂತ ಅಳು ಬಂತು. ಕುಲುಮೆ ತಾತ ನಕ್ಕು, "ಅಂಟೋ ಇದ್ದಲೇ ಬೇರೆ, ಅಂಟದ್ದೇ ಬೇರೆ" ಅಂದರು.

ಮೇಷ್ಟ್ರು ವಿವರಿಸಿದ್ದು ಹೀಗೆ. ಝರಿಯಾದಂಥ ಕಡೆಯ ಕಲ್ಲಿದ್ದಲು 25 ಕೋಟಿ ವರ್ಷಕ್ಕೂ ಹಳೆಯದು, ಚೆನ್ನಾಗಿ ಬಲಿತದ್ದು. ಅದು 400 ಡಿಗ್ರಿ ಆಸುಪಾಸಿನಲ್ಲಿ ಬೆಲ್ಲದ ಪಾಕದ ಹಾಗೆ ಮೆತ್ತಗಾಗುತ್ತೆ. ಒಳಗಿನ ಅನಿಲ ಗುಳ್ಳೆ ಎಬ್ಬಿಸುತ್ತೆ, ಇನ್ನೂ ಕಾದಾಗ ಹಾಗೇ ಗಟ್ಟಿಯಾಗುತ್ತೆ. ಲಿಗ್ನೈಟ್ ಎಳೇದು, ಆಮ್ಲಜನಕ ಜಾಸ್ತಿ. ಅದಕ್ಕೆ ಪಾಕವೇ ಬರುವುದಿಲ್ಲ. ಪಾಕ ಇಲ್ಲದೆ ಉಂಡೆ ಕಟ್ಟೋದು ಹೇಗೆ? ಪ್ರಯೋಗಾಲಯದಲ್ಲಿ ಇದಕ್ಕೆ ಗ್ರೇ-ಕಿಂಗ್ ಪರೀಕ್ಷೆ ಅಂತ ಇದೆ. 20 ಗ್ರಾಂ ಪುಡಿಯನ್ನು ಕೊಳವೆಯಲ್ಲಿ ನಿಧಾನವಾಗಿ 600 ಡಿಗ್ರಿವರೆಗೆ ಕಾಯಿಸಿ, ಟಾರು, ಅನಿಲ ಅಳೆದು, ಉಳಿದದ್ದಕ್ಕೆ ಇಂಗ್ಲಿಷ್ ಅಕ್ಷರದ ದರ್ಜೆ ಕೊಡುತ್ತಾರೆ. ಅಂಟದ ಪುಡಿಗೆ 'ಎ'. ನಮ್ಮ ಮಾರ್ಕ್ಸ್ ಕಾರ್ಡಿಗೆ ಪೂರ್ತಿ ಉಲ್ಟಾ!

ಉಕ್ಕಿನ ಕಾರ್ಖಾನೆಯ ಊದುಕುಲುಮೆಯಲ್ಲಿ ಕೋಕ್ ಅದಿರಿನ ಭಾರ ಹೊರಬೇಕು, ನಡುವೆ ಗಾಳಿಗೂ ದಾರಿ ಬಿಡಬೇಕು. ಪುಡಿ ಹಾಕಿದರೆ ಕಟ್ಟಿಕೊಳ್ಳುತ್ತೆ. ಕಲ್ಲಿದ್ದಲಿನ ಗಣಿ ಇಲ್ಲದ ನಮ್ಮ ಕಡೆ, ಭದ್ರಾವತಿಯಲ್ಲಿ 1923ರಲ್ಲಿ ಕುಲುಮೆ ಹೊತ್ತಿಸಿದಾಗ ಮರದ ಇದ್ದಲನ್ನೇ ಬಳಸಿದ್ದರು. ಹಾಗಂತ ಲಿಗ್ನೈಟ್ ದಂಡ ಅಲ್ಲ. ಅದನ್ನು ಉರಿಸಿ ನೆಯ್ವೇಲಿಯಲ್ಲಿ ಮಾಡುವ ಕರೆಂಟಿನಲ್ಲಿ ನಮ್ಮ ರಾಜ್ಯಕ್ಕೂ ಪಾಲಿದೆ. ಹಿಂದೆ ಅಲ್ಲಿ ಲಿಗ್ನೈಟನ್ನು ಒಣಗಿಸಿ, ಯಂತ್ರದಲ್ಲಿ ಒತ್ತಿ ಬಿಲ್ಲೆ ಮಾಡಿ, ಆಮೇಲೆ ಕಾಯಿಸಿ 'ಲೆಕೋ' ಎಂಬ ಹೊಗೆಯಿಲ್ಲದ ಒಲೆ ಇದ್ದಲು ಮಾರುತ್ತಿದ್ದರು. ತಾನಾಗಿ ಅಂಟದ್ದನ್ನು ಒತ್ತಿ ಅಂಟಿಸಿದರು ನೋಡಿ!

ರೆಕಾರ್ಡಿನಲ್ಲಿ ಮೊದಲು ಬರೆದಿದ್ದನ್ನು ಹೊಡೆದುಹಾಕಿ "ಪುಡಿ ದೊರೆಯಿತು, 36 ಗ್ರಾಂ" ಅಂತ ಬರೆದೆ. ಮೇಷ್ಟ್ರು ಸಹಿ ಹಾಕಿದರು. ಎರಡೂ ಡಬ್ಬಿ ಈ ಪತ್ರಿಕೆಯ ಪಕ್ಕದ ಕಿಟಕಿಯಲ್ಲಿವೆ. ಮುಟ್ಟಿ ನೋಡಿ, ಆಮೇಲೆ ಕೈ ತೊಳ್ಕೊಳ್ಳಿ.