ಯುದ್ಧ ಗೆಲ್ಲುತ್ತಿದ್ದ ಫ್ರಾನ್ಸ್ ಅಲ್ಜೀರಿಯಾವನ್ನು ಬಿಟ್ಟು ಹೋದದ್ದೇಕೆ?

ಒಂದು ಲೆಕ್ಕ ನೋಡಿ. ಒಂದು ಕಡೆ ನಾಲ್ಕು ಲಕ್ಷಕ್ಕೂ ಹೆಚ್ಚು ಸೈನಿಕರು, ಯುದ್ಧವಿಮಾನ, ಹೆಲಿಕಾಪ್ಟರ್, ನೌಕಾಪಡೆ. ಇನ್ನೊಂದು ಕಡೆ ಬೆಟ್ಟಗುಡ್ಡಗಳಲ್ಲಿ ಅಡಗಿಕೊಂಡ ಕೆಲವು ಸಾವಿರ ಗೆರಿಲ್ಲಾಗಳು. ಶುರುವಿನಲ್ಲಿ ಅವರಲ್ಲಿ ಎಷ್ಟೋ ಜನರ ಕೈಯಲ್ಲಿದ್ದದ್ದು ಬೇಟೆಯ ಬಂದೂಕು. ಯಾರು ಗೆಲ್ತಾರೆ ಅಂತ ಕೇಳಿದರೆ ನೀವು ಯೋಚನೆ ಮಾಡದೆ ಉತ್ತರ ಹೇಳ್ತೀರಿ. ಆದರೆ 1962ರಲ್ಲಿ ಗಂಟುಮೂಟೆ ಕಟ್ಟಬೇಕಾಗಿ ಬಂದದ್ದು ಫ್ರಾನ್ಸಿಗೆ.

ಹೋರಾಟಗಾರರ ಧೈರ್ಯ, ತ್ಯಾಗದಿಂದಲೇ ಇದಾಯಿತು ಎಂದು ನಾವು ಸಾಮಾನ್ಯವಾಗಿ ಹೇಳಿಬಿಡುತ್ತೇವೆ. ಸುಳ್ಳಲ್ಲ, ಆದರೆ ಅಷ್ಟೇ ಅಲ್ಲ. 1830ರಲ್ಲಿ ಫ್ರೆಂಚರು ಅಲ್ಜೀರ್ಸ್ ಹಿಡಿದ ಮೇಲೆ ಅಮೀರ್ ಅಬ್ದುಲ್ ಖಾದಿರ್ ಹದಿನೈದು ವರ್ಷ ಹೋರಾಡಿದರು. ಧೈರ್ಯಕ್ಕೇನು ಕಡಿಮೆ ಇತ್ತೇ? ಆದರೂ 1847ರಲ್ಲಿ ಶರಣಾಗಬೇಕಾಯಿತು. 1871ರಲ್ಲಿ ಮೊಕ್ರಾನಿಯ ದಂಗೆಯನ್ನೂ ತುಳಿದು ಹಾಕಿದರು, ಭೂಮಿ ಕಿತ್ತುಕೊಂಡರು. ನಮ್ಮ ಶ್ರೀರಂಗಪಟ್ಟಣದಲ್ಲಿ 1799ರಲ್ಲಿ ಟಿಪ್ಪು ಹೋರಾಡುತ್ತಲೇ ಸತ್ತರು, ರಾಜ್ಯ ಉಳಿಯಲಿಲ್ಲ. (ಕಂಪನಿಯ ಜೊತೆ ಹೈದರಾಬಾದಿನ ನಿಜಾಮರ ಸೇನೆಯೂ ಬಂದಿತ್ತು ಅನ್ನೋದನ್ನು ನಾವು ಬೇಗ ಮರೀತೇವೆ.) ಹಾಗಾದರೆ ಅದೇ ಅಲ್ಜೀರಿಯಾ, ಅದೇ ಫ್ರಾನ್ಸ್, 1847ರಲ್ಲಿ ಆಗದ್ದು 1962ರಲ್ಲಿ ಹೇಗಾಯಿತು? ನಡುವೆ ಬದಲಾದದ್ದೇನು?

ಮೊದಲು ಸಾಮ್ರಾಜ್ಯ ತಾನೇ ಹಾಕಿಕೊಂಡ ಕುಣಿಕೆಯನ್ನು ನೋಡೋಣ. ಅಲ್ಜೀರಿಯಾ ವಸಾಹತೇ ಅಲ್ಲ, ಫ್ರಾನ್ಸಿನ ಭಾಗ ಎಂದು ಪ್ಯಾರಿಸ್ ಹೇಳುತ್ತಿತ್ತು. ಸರಿ, ಭಾಗ ಎಂದ ಮೇಲೆ ಅಲ್ಲಿನವರು ಪ್ರಜೆಗಳಾಗಬೇಕಲ್ಲ? ಅಲ್ಲಿ ನೆಲೆಸಿದ್ದ ಯುರೋಪಿಯನ್ನರು ಸುಮಾರು ಹತ್ತು ಲಕ್ಷ, ಮುಸ್ಲಿಮರು ಎಂಬತ್ತು ತೊಂಬತ್ತು ಲಕ್ಷ. 1947ರ ಕಾನೂನಿನಂತೆ ರಚನೆಯಾದ 120 ಸ್ಥಾನಗಳ ಸಭೆಯಲ್ಲಿ ಎರಡೂ ಕಡೆಗೆ ತಲಾ 60. ಅಂದರೆ ಒಬ್ಬ ಯುರೋಪಿಯನ್ನನ ವೋಟು ಎಂಟೊಂಬತ್ತು ಮುಸ್ಲಿಮರ ವೋಟಿಗೆ ಸಮ. ಅದು ಸಾಲದು ಅಂತ 1948ರ ಚುನಾವಣೆಯಲ್ಲಿ ಮೋಸವನ್ನೂ ಮಾಡಿದರು. ಸಮಾನ ಹಕ್ಕು ಕೊಟ್ಟರೆ ಯಜಮಾನಿಕೆ ಹೋಗುತ್ತದೆ. ಕೊಡದಿದ್ದರೆ 'ನೀವೂ ಫ್ರೆಂಚರೇ' ಅನ್ನೋ ಮಾತು ಸುಳ್ಳಾಗುತ್ತದೆ. 1958ರಲ್ಲಿ ಸಮಾನ ಮತ ಕೊಟ್ಟಾಗ ಅದನ್ನು ನಂಬುವವರು ಉಳಿದಿರಲಿಲ್ಲ.

ನಂಬಿಕೆ ಮುರಿದ ದಿನವನ್ನೂ ಗುರುತಿಸಬಹುದು. 1945ರ ಮೇ 8, ಹಿಟ್ಲರನ ಜರ್ಮನಿ ಸೋತ ಸಂಭ್ರಮದ ದಿನ. ಸೆತಿಫ್ ಪಟ್ಟಣದ ಮೆರವಣಿಗೆಯಲ್ಲಿ ಅಲ್ಜೀರಿಯಾದ ಬಾವುಟ ಕಂಡಿತು, ಪೊಲೀಸರು ಗುಂಡು ಹಾರಿಸಿದರು. ರೊಚ್ಚಿಗೆದ್ದ ಜನ ನೂರರಷ್ಟು ಯುರೋಪಿಯನ್ನರನ್ನು ಕೊಂದರು. ಪ್ರತಿಯಾಗಿ ಸೇನೆ ಮತ್ತು ವಲಸಿಗರ ಗುಂಪುಗಳು ಸಾವಿರಾರು ಜನರನ್ನು ಕೊಂದವು. ಅದೇ ಯುದ್ಧದಲ್ಲಿ ಫ್ರಾನ್ಸಿಗಾಗಿ ಹೋರಾಡಿ ಪದಕ ಪಡೆದಿದ್ದವರು ಅಹ್ಮದ್ ಬೆನ್ ಬೆಲ್ಲಾ. 1954ರ ನವೆಂಬರ್ 1ರಂದು ಸಶಸ್ತ್ರ ಹೋರಾಟ ಆರಂಭಿಸಿದ ರಾಷ್ಟ್ರೀಯ ವಿಮೋಚನಾ ರಂಗದ ಸ್ಥಾಪಕರಲ್ಲಿ ಅವರೂ ಒಬ್ಬರು. ಆರು ತಿಂಗಳ ಹಿಂದಷ್ಟೇ ವಿಯೆಟ್ನಾಮಿನ ಡಿಯೆನ್ ಬಿಯೆನ್ ಫೂನಲ್ಲಿ ಫ್ರೆಂಚ್ ಸೇನೆ ಸೋತಿತ್ತು. ಇವರನ್ನು ಸೋಲಿಸಬಹುದು ಅನ್ನೋದು ಇಡೀ ಜಗತ್ತಿಗೆ ಗೊತ್ತಾಗಿತ್ತು.

ಇನ್ನು ಯುದ್ಧಕ್ಕೆ ಬರೋಣ. 1957ರಲ್ಲಿ ಜನರಲ್ ಮಾಸ್ಸುವಿನ ಪ್ಯಾರಾಟ್ರೂಪರ್‌ಗಳು ಅಲ್ಜೀರ್ಸ್ ನಗರಕ್ಕೆ ಇಳಿದರು. ವಿಶ್ವಸಂಸ್ಥೆಯ ಗಮನ ಸೆಳೆಯಲು ಎಂಟು ದಿನಗಳ ಮುಷ್ಕರ ಕರೆ ಕೊಟ್ಟಾಗ, ಅಂಗಡಿಗಳ ಬಾಗಿಲನ್ನು ಕಿತ್ತು ತೆರೆಸಿದರು. ಹಿಡಿದವರಿಗೆ ಕರೆಂಟ್ ಶಾಕ್, ನೀರಲ್ಲಿ ಮುಳುಗಿಸುವ ಹಿಂಸೆ. ವರ್ಷ ಮುಗಿಯುವುದರೊಳಗೆ ನಗರದಲ್ಲಿದ್ದ ಹೋರಾಟಗಾರರ ಜಾಲ ನುಚ್ಚುನೂರು. ಸೇನೆಯ ಲೆಕ್ಕದಲ್ಲಿ ಪೂರ್ಣ ಜಯ. ಆದರೆ ಬಿಲ್ ಬಂದದ್ದು ಪ್ಯಾರಿಸ್ಸಿಗೆ. ತಾನು ಅನುಭವಿಸಿದ ಹಿಂಸೆಯನ್ನು ಪತ್ರಕರ್ತ ಆಂರಿ ಅಲೆಗ್ 1958ರಲ್ಲಿ ಪುಸ್ತಕ ಮಾಡಿದರು. ಸರ್ಕಾರ ಅದನ್ನು ಜಪ್ತಿ ಮಾಡಿತು, ಜನ ಕದ್ದು ಓದಿದರು. ಜನರಲ್ ಬೊಲ್ಲಾರ್ದಿಯೇರ್ ಈ ಹಿಂಸೆಯನ್ನು ವಿರೋಧಿಸಿ ತನ್ನನ್ನು ಹುದ್ದೆಯಿಂದ ಬಿಡಿಸಿ ಅಂದರು, ಅವರಿಗೆ 60 ದಿನ ಬಂಧನ. ನಾಜಿಗಳ ಕೈಯಲ್ಲಿ ಇದೇ ಹಿಂಸೆ ಕಂಡಿದ್ದ ದೇಶ ಅದು. ಕನ್ನಡಿ ನೋಡಿಕೊಳ್ಳದೆ ಇರಲು ಆಗಲಿಲ್ಲ.

ಗಡಿಯಲ್ಲೂ ಹೀಗೇ ಆಯಿತು. ಟ್ಯುನೀಷಿಯಾದ ಗಡಿಗುಂಟ 5,000 ವೋಲ್ಟಿನ ತಂತಿಬೇಲಿ ಹಾಕಿ ಗೆರಿಲ್ಲಾಗಳ ದಾರಿಯನ್ನು ಹೆಚ್ಚುಕಡಿಮೆ ಮುಚ್ಚಿಯೇಬಿಟ್ಟರು. ಆದರೆ 1958ರ ಫೆಬ್ರುವರಿ 8ರಂದು ಗಡಿಯಾಚೆಯ ಸಾಕಿಯೆತ್ ಸಿದಿ ಯೂಸುಫ್ ಊರಿನ ಮೇಲೆ ಸಂತೆಯ ದಿನ ಬಾಂಬ್ ಹಾಕಿದರು. ಸುಮಾರು 70 ಜನ ಸತ್ತರು, ಅವರಲ್ಲಿ ಶಾಲೆಯ ಮಕ್ಕಳೂ ಇದ್ದರು. ಫ್ರಾನ್ಸ್ ತನ್ನ 'ಮನೆಯ ವಿಷಯ' ಎನ್ನುತ್ತಿದ್ದದ್ದಕ್ಕೆ ಅಮೆರಿಕ, ಬ್ರಿಟನ್ ಮಧ್ಯಸ್ಥಿಕೆಗೆ ಬಂದವು. ಅಬ್ದುಲ್ ಖಾದಿರರ ಕಾಲದಲ್ಲಿ ಇಂಥದ್ದನ್ನು ಕೇಳುವವರು ಯಾರಿದ್ದರು ಹೇಳಿ?

ನನ್ನ ಅಭಿಪ್ರಾಯದಲ್ಲಿ ತಕ್ಕಡಿಯನ್ನು ನಿಜವಾಗಿ ವಾಲಿಸಿದ್ದು ಇನ್ನೊಂದು ಸಂಗತಿ. ವಿಯೆಟ್ನಾಮಿಗೆ ಹೋಗಿದ್ದು ಸಂಬಳದ ಸೈನಿಕರು. ಅಲ್ಜೀರಿಯಾಕ್ಕೆ ಕಡ್ಡಾಯ ಸೇವೆಯ ಹುಡುಗರನ್ನು ಕಳಿಸಿದರು. ಅಂದರೆ ಯುದ್ಧ ಪ್ರತಿ ಫ್ರೆಂಚ್ ಮನೆಯೊಳಗೆ ಬಂತು. 1958ರ ಮೇನಲ್ಲಿ ಅಲ್ಜೀರ್ಸಿನ ಸೇನಾಧಿಕಾರಿಗಳು ತಿರುಗಿ ಬಿದ್ದು ಪ್ಯಾರಿಸ್ಸಿನ ಸರ್ಕಾರವಷ್ಟೇ ಅಲ್ಲ, ನಾಲ್ಕನೇ ಗಣರಾಜ್ಯವೇ ಉರುಳಿತು. ದ ಗಾಲ್ ಅಧಿಕಾರಕ್ಕೆ ಬಂದರು. 1961ರ ಏಪ್ರಿಲ್‌ನಲ್ಲಿ ನಾಲ್ವರು ಜನರಲ್‌ಗಳು ಅವರ ವಿರುದ್ಧವೇ ದಂಗೆ ಎದ್ದರು. ದ ಗಾಲ್ ರೇಡಿಯೋದಲ್ಲಿ ಮಾತಾಡಿದರು. ಬ್ಯಾರಕ್ಕುಗಳಲ್ಲಿ ಟ್ರಾನ್ಸಿಸ್ಟರ್‌ಗೆ ಕಿವಿಗೊಟ್ಟ ಹುಡುಗರು ಜನರಲ್‌ಗಳ ಮಾತು ಕೇಳಲಿಲ್ಲ, ದಂಗೆ ಕೆಲವೇ ದಿನಗಳಲ್ಲಿ ಕುಸಿಯಿತು. ವಸಾಹತನ್ನು ಉಳಿಸಲು ಹೋದರೆ ಮನೆಯೇ ಉಳಿಯಲ್ಲ ಎನ್ನುವ ಹಂತ ಅದು. ಆಗಷ್ಟೇ ದ ಗಾಲ್ ಪತ್ರಿಕಾಗೋಷ್ಠಿಯಲ್ಲಿ, ಅಲ್ಜೀರಿಯಾದಿಂದ ಬರುವುದಕ್ಕಿಂತ ಹೋಗುವುದೇ ಜಾಸ್ತಿ ಎಂಬ ಅರ್ಥದಲ್ಲಿ ಮಾತಾಡಿದ್ದರು.

ಇಲ್ಲಿ ಗೆರಿಲ್ಲಾಗಳ ಕೆಲಸವೇನು ಅಂತ ನೀವು ಕೇಳಬಹುದು. ಸೋತು ಮುಗಿದುಹೋಗದೆ ಉಳಿಯುವುದು. 1959ರ ಕಾರ್ಯಾಚರಣೆಗಳಲ್ಲಿ ಅವರ ಬಲ ಬಹಳ ಕುಗ್ಗಿತ್ತು. ಇಪ್ಪತ್ತು ಲಕ್ಷದಷ್ಟು ಹಳ್ಳಿಗರನ್ನು ಒಕ್ಕಲೆಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಲಾಗಿತ್ತು. ಆದರೂ 1960ರ ಡಿಸೆಂಬರ್‌ನಲ್ಲಿ ಅಲ್ಜೀರ್ಸಿನ ಬಡ ಬಡಾವಣೆಗಳಿಂದ ಹೆಂಗಸರು ಮಕ್ಕಳು ಸಮೇತ ಜನ ಹಸಿರು ಬಿಳಿ ಬಾವುಟ ಹಿಡಿದು ಬೀದಿಗೆ ಬಂದರು. ಮೂರು ವರ್ಷದ ಹಿಂದೆ ಸೇನೆ 'ಶುಚಿ ಮಾಡಿದ' ಅದೇ ನಗರ! ಈ ರಂಗವೂ ಸಂತರ ಕೂಟವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕೆಫೆಗಳಲ್ಲಿ ಬಾಂಬಿಟ್ಟರು, ಎದುರಾಳಿ ಗುಂಪಿನ ಸ್ವಂತ ಜನರನ್ನೇ ಕೊಂದರು. ಆ ಗಾಯ ಅಲ್ಲಿ ಇನ್ನೂ ಪೂರ್ತಿ ಮಾಗಿಲ್ಲ.

1962ರ ಮಾರ್ಚ್ 18ರಂದು ಎವಿಯಾಂನಲ್ಲಿ ಒಪ್ಪಂದವಾಯಿತು. ಮಾತುಕತೆ ಅಷ್ಟು ಎಳೆದದ್ದಕ್ಕೆ ಒಂದು ದೊಡ್ಡ ಕಾರಣ ಸಹಾರಾ. ಅಲ್ಲಿ 1956ರಲ್ಲಿ ತೈಲ ಸಿಕ್ಕಿತ್ತು. ಆ ಮರುಭೂಮಿಯನ್ನು ಬೇರೆ ಮಾಡಿ ಇಟ್ಟುಕೊಳ್ಳಲು ಫ್ರಾನ್ಸ್ ನೋಡಿತು, ಅಲ್ಜೀರಿಯನ್ನರು ಒಪ್ಪಲಿಲ್ಲ. ಕೊನೆಗೆ ನೆಲ ಅಲ್ಜೀರಿಯಾದ್ದಾಯಿತು, ಆದರೆ ಫ್ರಾನ್ಸಿನ ಅಣುಪರೀಕ್ಷೆಗಳು ಅಲ್ಲಿ 1966ರವರೆಗೂ ನಡೆದವು. ಮೆರ್ಸ್ ಎಲ್ ಕೆಬೀರ್ ನೌಕಾನೆಲೆಯನ್ನು ಬಿಟ್ಟು ಹೋದದ್ದು 1968ರಲ್ಲಿ. ಫ್ರೆಂಚ್ ತೈಲ ಕಂಪನಿಗಳ ಶೇ. 51ರಷ್ಟು ಪಾಲು ಅಲ್ಜೀರಿಯಾದ ಕೈಗೆ ಬರಲು 1971ರ ಫೆಬ್ರುವರಿಯವರೆಗೆ ಕಾಯಬೇಕಾಯಿತು.