ಗ್ಯಾಸ್ ಖಾಲಿಯಾಗಿರಲಿಲ್ಲ!

ಕಾರಿನ ಎ.ಸಿ. ತಣ್ಣಗೆ ಬರುತ್ತಿಲ್ಲ ಎಂದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಉತ್ತರ: ‘ಗ್ಯಾಸ್ ಖಾಲಿಯಾಗಿದೆ, ತುಂಬಿಸಿ’. ಆದರೆ ಎ.ಸಿ. ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಪೈಪುಗಳೊಳಗೆ ಅದು ಸುತ್ತುತ್ತಲೇ ಇರುತ್ತದೆ. ವರ್ಷಗಳು ಕಳೆದಂತೆ ಸೀಲುಗಳಲ್ಲಿ ಸ್ವಲ್ಪ ಸೋರಬಹುದು, ನಿಜ. ಆದರೆ ಪದೇ ಪದೇ ತುಂಬಿಸಬೇಕಾಗಿ ಬಂದರೆ ಎಲ್ಲೋ ತೂತಿರಬೇಕು, ಇಲ್ಲವೇ ರೋಗವೇ ಬೇರೆ ಇರಬೇಕು.

ನಮ್ಮೂರು ಕಾಮಗೆರೆ. ಕೊಳ್ಳೇಗಾಲದಿಂದ ಹನೂರು ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿದೆ. ನಮ್ಮ ಚಿಕ್ಕಪ್ಪನ ಬಾಡಿಗೆ ಕಾರು ಓಡುವುದೂ ಇದೇ ದಾರಿಯಲ್ಲಿ. ಕಾರಿನ ಸಾಲದ ಕಂತು, ಇಬ್ಬರು ಮಕ್ಕಳ ಫೀಸು ಎಲ್ಲವೂ ಅದರ ದುಡಿಮೆಯಿಂದಲೇ ಆಗಬೇಕು. ಯುಗಾದಿ ಜಾತ್ರೆಯ ಸಮಯದಲ್ಲಿ ಬಾಡಿಗೆ ಹೆಚ್ಚು, ಬಿಸಿಲೂ ಹೆಚ್ಚು. ಆಗಲೇ ಎ.ಸಿ. ಕೈಕೊಡತೊಡಗಿತು. ವಯಸ್ಸಾದವರನ್ನು ಕರೆತಂದಿದ್ದ ಒಂದು ಕುಟುಂಬ ಅರ್ಧ ದಾರಿಯಲ್ಲೇ ಇಳಿದು ಬೇರೆ ಗಾಡಿ ಹಿಡಿಯಿತು. ಎರಡು ಕಡೆ ಗ್ಯಾಸ್ ತುಂಬಿಸಿದ್ದೂ ಆಯಿತು. ತುಂಬಿಸಿದ ಸಂಜೆ ತಣ್ಣಗೆ ಬರುತ್ತದೆ, ಬೆಟ್ಟ ಹತ್ತುವಾಗ ಮತ್ತೆ ಬಿಸಿಗಾಳಿ! ‘ಗ್ಯಾಸ್ ಕುಡೀತದೋ ಏನೋ ಕಣ್ಲಾ ಇದು, ಮಾರ್ಬುಡ್ತೀನಿ’ ಎಂದು ಚಿಕ್ಕಪ್ಪ ಬೇಸತ್ತರು.

ನಾನು ಐ.ಟಿ.ಐ.ನಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ವಿಭಾಗದ ಎರಡನೇ ವರ್ಷದ ವಿದ್ಯಾರ್ಥಿ. ಸ್ಪ್ಯಾನರ್ ಹಿಡಿಯುವ ಮೊದಲು ಪ್ರಶ್ನೆ ಕೇಳಬೇಕು ಎಂದು ನಮ್ಮ ಮೇಷ್ಟ್ರು ಹೇಳುತ್ತಿರುತ್ತಾರೆ. ಹಾಗಾಗಿ ಒಂದು ವಾರ ಕಾರಿನಲ್ಲಿ ನೋಟ್‌ಬುಕ್ ಇಟ್ಟೆವು. ಎ.ಸಿ. ಎಲ್ಲಿ ನಿಂತಿತು, ಎಷ್ಟು ಗಂಟೆಗೆ, ಗಾಡಿ ಓಡುತ್ತಿತ್ತೋ ನಿಂತಿತ್ತೋ, ಇಷ್ಟನ್ನೇ ಬರೆದಿಟ್ಟೆವು. ವಾರದ ಕೊನೆಗೆ ವಿಷಯ ಕಣ್ಣಿಗೆ ಕಟ್ಟಿತು. ಕೌದಳ್ಳಿಯತ್ತ ವೇಗವಾಗಿ ಹೋಗುವಾಗ ಒಮ್ಮೆಯೂ ತೊಂದರೆಯಿಲ್ಲ. ತಾಳಬೆಟ್ಟ ದಾಟಿ ಘಾಟಿಯಲ್ಲಿ ನಿಧಾನವಾಗಿ ಹತ್ತುವಾಗ, ವಾಹನಗಳ ಸಾಲಿನಲ್ಲಿ ನಿಂತಾಗ ಮಾತ್ರ ಎ.ಸಿ. ಮಾಯ. ಮತ್ತೆ ವೇಗ ಹಿಡಿದರೆ ತಾನಾಗಿಯೇ ತಂಪು. ಗ್ಯಾಸ್ ಸೋರಿಹೋಗಿದ್ದರೆ ಮತ್ತೆ ತಂಪು ಬರುವುದು ಹೇಗೆ?

ಇಲ್ಲಿ ಎ.ಸಿ. ಕೆಲಸ ಮಾಡುವ ಬಗೆ ತಿಳಿದಿರಬೇಕು. ಹೆಚ್ಚಿನ ಕಾರುಗಳಲ್ಲಿರುವುದು ಆರ್-134ಎ ಎಂಬ ಗ್ಯಾಸ್. ಸಾಮಾನ್ಯ ಒತ್ತಡದಲ್ಲಿ ಅದು ಮೈನಸ್ 26 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಕಂಪ್ರೆಸರ್ ಅದನ್ನು ಒತ್ತಿದಾಗ ಬಿಸಿಯಾಗುತ್ತದೆ. ಆ ಬಿಸಿಯನ್ನು ರೇಡಿಯೇಟರ್ ಮುಂದಿರುವ ಕಂಡೆನ್ಸರ್ ಹೊರಗಿನ ಗಾಳಿಗೆ ಬಿಟ್ಟುಕೊಡುತ್ತದೆ. ತಣಿದು ದ್ರವವಾದದ್ದು ಕಿರಿದಾದ ದಾರಿಯಲ್ಲಿ ನುಗ್ಗಿ, ಕಾರಿನೊಳಗಿನ ಕೂಲಿಂಗ್ ಕಾಯಿಲಿನಲ್ಲಿ ಆವಿಯಾಗುತ್ತಾ ಅಲ್ಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಗಾಡಿ ಓಡುವಾಗ ಕಂಡೆನ್ಸರ್‌ಗೆ ಗಾಳಿ ತಾನಾಗಿಯೇ ಸಿಗುತ್ತದೆ. ನಿಂತಾಗ ಫ್ಯಾನೇ ಗತಿ. ಗಾಳಿ ಸಿಗದಿದ್ದರೆ ಒತ್ತಡ ಏರುತ್ತದೆ, ಅಪಾಯವಾಗದಿರಲೆಂದು ಪ್ರೆಷರ್ ಸ್ವಿಚ್ ಕಂಪ್ರೆಸರನ್ನು ನಿಲ್ಲಿಸಿಬಿಡುತ್ತದೆ.

ಪರೀಕ್ಷೆ ಸುಲಭದ್ದು. ಕಾರು ನಿಲ್ಲಿಸಿ, ಎಂಜಿನ್ ಮತ್ತು ಎ.ಸಿ. ಆನ್ ಇಟ್ಟು ಕಾದೆವು. ಹೊತ್ತು ಕಳೆದಂತೆ ಬಿಸಿಗಾಳಿ ಶುರುವಾಯಿತು. ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ನೀರು ಸುರಿದಾಗ ತಂಪು ಮರಳಿತು! ನೋಡಿದರೆ ಕಂಡೆನ್ಸರ್ ಫ್ಯಾನ್ ತಿರುಗುತ್ತಲೇ ಇರಲಿಲ್ಲ. ಈ ಕಾರಿನಲ್ಲಿ ರೇಡಿಯೇಟರ್‌ಗೆ ಬೇರೆ ಫ್ಯಾನ್ ಇದ್ದುದರಿಂದ ಎಂಜಿನ್ ಬಿಸಿಯಾಗಿರಲಿಲ್ಲ. ಅದರಿಂದಲೇ ಯಾರಿಗೂ ಅನುಮಾನ ಬಂದಿರಲಿಲ್ಲ. ಫ್ಯೂಸ್, ರಿಲೇ ಎರಡೂ ಸರಿಯಿದ್ದವು, ಫ್ಯಾನಿನವರೆಗೆ ಕರೆಂಟೂ ಬರುತ್ತಿತ್ತು. ಮೋಟಾರಿನ ಕಾರ್ಬನ್ ಬ್ರಷ್‌ಗಳು ಸವೆದಿದ್ದವು.

ಕೊಳ್ಳೇಗಾಲದ ಮೆಕ್ಯಾನಿಕ್ ಒಬ್ಬರು ಮೋಟಾರ್ ಬದಲಾಯಿಸಿದರು. ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಿಂದ ಹೊರತೆಗೆದು ತೂಗಿದಾಗ, ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಬರೆದಿದ್ದಕ್ಕಿಂತ ಹೆಚ್ಚೇ ಇತ್ತು. ಅಂದಾಜಿನಲ್ಲಿ ತುಂಬಿಸಿದ ಆ ಗ್ಯಾಸ್ ಒತ್ತಡವನ್ನು ಇನ್ನಷ್ಟು ಏರಿಸುತ್ತಿತ್ತು. ಅಂದರೆ ಕೊಟ್ಟ ಮದ್ದೇ ರೋಗವನ್ನು ಹೆಚ್ಚಿಸಿತ್ತು. ಪೈಪುಗಳಲ್ಲಿ ತೇವ ಉಳಿಯದಂತೆ ವ್ಯಾಕ್ಯೂಮ್ ಮಾಡಿ, ಗ್ಯಾಸನ್ನು ತೂಕ ಹಾಕಿಯೇ ತುಂಬಿಸಿದರು. ಮಾರುವ ಮಾತನ್ನು ಚಿಕ್ಕಪ್ಪ ಮತ್ತೆ ಎತ್ತಲಿಲ್ಲ.

ನಿಮ್ಮ ಕಾರಿನ ರೋಗ ಇದೇ ಆಗಿರಬೇಕೆಂದೇನಿಲ್ಲ. ಓಡುವಾಗಲೂ ತಂಪು ಕಡಿಮೆಯಿದ್ದರೆ ಸೋರಿಕೆ ಇರಬಹುದು. ಆಗ ನೈಟ್ರೋಜನ್ ಒತ್ತಡ ಕೊಟ್ಟು, ಸೋಪಿನ ನೀರು ಹಚ್ಚಿ ತೂತು ಹುಡುಕಿಸಿ, ಅದನ್ನು ಮುಚ್ಚಿಸಿದ ಮೇಲೆಯೇ ಗ್ಯಾಸ್ ತುಂಬಿಸಿ. ಗಾಳಿಯ ರಭಸವೇ ಕಡಿಮೆಯಾಗಿದ್ದರೆ ಮೊದಲು ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಗ್ಯಾಸ್ ಪೈಪುಗಳನ್ನು ಮಾತ್ರ ನೀವೇ ಬಿಚ್ಚಬೇಡಿ. ಚಿಮ್ಮುವ ಗ್ಯಾಸ್ ಚರ್ಮವನ್ನು, ಕಣ್ಣನ್ನು ಸುಟ್ಟಂತೆ ಮಾಡುತ್ತದೆ. ಭೂಮಿಯನ್ನು ಬಿಸಿಯೇರಿಸುವುದರಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಪ್ರಬಲ. ಇಂಥ ಗ್ಯಾಸುಗಳನ್ನು ಹಂತಹಂತವಾಗಿ ತಗ್ಗಿಸುವ 2016ರ ಕಿಗಾಲಿ ಒಪ್ಪಂದವನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಹೊಸ ಗ್ಯಾಸುಗಳು ಬಂದಂತೆ, ಅಂದಾಜು ಬಿಟ್ಟು ಅಳತೆ ಮಾಡಿ ದುರಸ್ತಿ ಮಾಡಬಲ್ಲವರು ಬೇಕೇ ಬೇಕು. ಕೆಲಸ ಹುಡುಕುತ್ತಿರುವ ಗೆಳೆಯರು ಇದನ್ನು ಗಮನಿಸಬೇಕು.

ಕೆಟ್ಟದ್ದು ಯಾವುದೇ ಇರಲಿ, ‘ಏನು ಹಾಕಿಸಬೇಕು?’ ಎಂದು ಕೇಳುವ ಮೊದಲು ‘ಯಾವಾಗ ಕೆಡುತ್ತದೆ, ಯಾವಾಗ ಸರಿಯಿರುತ್ತದೆ?’ ಎಂದು ಕೇಳಿ. ಈ ಪ್ರಶ್ನೆಗೆ ದುಡ್ಡು ಬೇಕಿಲ್ಲ, ಒಂದು ನೋಟ್‌ಬುಕ್ ಮತ್ತು ಒಂದಿಷ್ಟು ತಾಳ್ಮೆ ಸಾಕು.