ಮುಂದೆ ಎಳೆಯುವ ಕಾರು, ಹಿಂದೆ ಜಾರುವ ಬಾಲ

ಮುಂಗಾರು ಹಿಡಿದ ಮೇಲೆ ಹಾಸನದಿಂದ ಮಂಗಳೂರಿಗೆ ಸ್ವಂತ ಕಾರಿನಲ್ಲಿ ಹೊರಡುವವರು ನಿಮ್ಮಲ್ಲಿ ಅನೇಕರಿರಬಹುದು. ಆಲೂರು ಕಡೆಯ ದಿಣ್ಣೆಗಳಲ್ಲಿ ರಸ್ತೆ ಸೌಮ್ಯವಾಗಿಯೇ ಇರುತ್ತದೆ. ಸಕಲೇಶಪುರದಲ್ಲಿ ಹೇಮಾವತಿಯನ್ನು ದಾಟಿ, ದೋಣಿಗಾಲ್, ಮಾರನಹಳ್ಳಿಗಳನ್ನು ಹಿಂದಿಕ್ಕಿ ಶಿರಾಡಿ ಘಾಟಿಯನ್ನು ಇಳಿಯತೊಡಗಿದಾಗ ಅದರ ಸ್ವಭಾವ ಬೇರೆಯಾಗುತ್ತದೆ. ಘಾಟಿಗೆ 2015 ಮತ್ತು 2018ರಲ್ಲಿ ಎರಡು ಹಂತಗಳಲ್ಲಿ ಕಾಂಕ್ರೀಟು ಹಾಕಿದ್ದಾರೆ, ನಿಜ. ಆದರೆ ಕಾಂಕ್ರೀಟು ಹೊಂಡವನ್ನು ಮುಚ್ಚೀತೇ ಹೊರತು ಮಳೆಯನ್ನು ತಡೆಯದು. ಗುಡ್ಡದಿಂದ ಹರಿದ ಕೆಮ್ಮಣ್ಣು, ಕೊಳೆತ ಎಲೆ, ಲಾರಿಗಳು ತೊಟ್ಟಿಕ್ಕಿಸಿದ ಎಣ್ಣೆ ಸೇರಿದ ಕಡೆ, ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಪಾದವನ್ನು ತಟ್ಟನೆ ತೆಗೆದಿರೆನ್ನಿ. ಕಾರಿನ ಹಿಂಭಾಗ ಹೊರಕ್ಕೆ ಬೀಸಿಕೊಂಡು ಹೋಗಬಹುದು. ವೇಗ ತಗ್ಗಿಸಲು ಹೋದವನಿಗೆ ಇದೇನು ಶಿಕ್ಷೆ ಎಂದು ಕೇಳುವಿರಿ. ಉತ್ತರ ಕಾರಿನ ಕಟ್ಟಡದಲ್ಲಿಯೇ ಇದೆ.

ಹಿಂದಿನ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಮೊದಲಾದ ಕಾರುಗಳನ್ನು ಹಿಂದಿನ ಗಾಲಿಗಳು ನೂಕುತ್ತಿದ್ದವು. 1983ರ ಕೊನೆಯಲ್ಲಿ ಬಂದ ಮಾರುತಿ 800ರಲ್ಲಿ ಈ ಕೆಲಸ ಮುಂದಿನ ಗಾಲಿಗಳ ಪಾಲಿಗೆ ಬಂತು. ಇಂದು ನಮ್ಮ ಪಟ್ಟಣಗಳ ಮನೆ ಮುಂದೆ ನಿಲ್ಲುವ ಸಣ್ಣ ಕಾರುಗಳಲ್ಲಿ ಬಹುಪಾಲು ಇದೇ ಜಾತಿಯವು. ಎತ್ತು ಮುಂದೆ ನಿಂತು ಗಾಡಿ ಎಳೆದ ಹಾಗೆ ಎಂದು ತಿಳಿಯಿರಿ. ಎಂಜಿನ್ನಿನ ಭಾರವೂ ಮುಂದೆಯೇ, ಬಾಲ ಹಗುರ. ಈ ಎತ್ತಿಗೆ ಎರಡು ದುಡಿಮೆ: ಎಳೆಯಬೇಕು, ತಿರುಗಿಸಲೂ ಬೇಕು. ಟಯರಿಗೆ ನೆಲದ ಮೇಲಿರುವ ಹಿಡಿತವೋ ಒಂದೇ ಗಂಟು. ಎಳೆಯುವುದಕ್ಕೆ ಹೆಚ್ಚು ಖರ್ಚಾದರೆ ತಿರುಗುವುದಕ್ಕೆ ಉಳಿಯುವುದು ಕಡಿಮೆ.

ಆದ್ದರಿಂದ ಈ ಕಾರಿನ ಹುಟ್ಟುಗುಣ, ಸ್ಟಿಯರಿಂಗನ್ನು ಎಷ್ಟು ತಿರುಗಿಸಿದರೂ ಮೂಗು ನೇರಕ್ಕೇ ಹೋಗುವುದು. ಇದಕ್ಕೆ ಅಂಡರ್‌ಸ್ಟಿಯರ್ ಎನ್ನುತ್ತಾರೆ. ಬಾಲ ಜಾರಿ, ಕಾರು ಬೇಕಾದುದಕ್ಕಿಂತ ಹೆಚ್ಚಾಗಿ ಒಳಕ್ಕೆ ತಿರುಗಿದರೆ ಓವರ್‌ಸ್ಟಿಯರ್. ಎರಡನೆಯದನ್ನು 'ಅತಿತಿರುವು' ಎನ್ನೋಣವೆಂದರೆ ಅರಿಸಮಾಸವಾಯಿತೆಂದು ಹಳೆಯ ಪಂಡಿತರು ಕಿವಿ ಹಿಂಡಿಯಾರು. ಕುಂದುತಿರುವು, ಮಿಗಿಲುತಿರುವು ಎಂದರೆ ಯಾರ ತಕರಾರೂ ಇರಲಾರದು.

ಮುಂದಿನಿಂದ ಎಳೆಯುವ ಕಾರಿಗೆ ಮಿಗಿಲುತಿರುವು ಬರುವುದು ಹೇಗೆ? ಪಾದ ತೆಗೆದ ಕ್ಷಣ ಎಂಜಿನ್ ಮುಂದಿನ ಗಾಲಿಗಳನ್ನು ತಡೆಯುತ್ತದೆ. ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಮೂಗಿಗೆ ಹಿಡಿತ ಹೆಚ್ಚಿತು, ಬಾಲಕ್ಕೆ ಇದ್ದುದೂ ಹೋಯಿತು. ಬ್ರೇಕ್ ಒತ್ತಿದರೆ ಇದೇ ಪರಿಣಾಮ ಇನ್ನೂ ಬಲವಾಗಿ ಆಗುತ್ತದೆ. ಇಳಿಜಾರಿನಲ್ಲಂತೂ ಭಾರ ಮೊದಲೇ ಮುಂದಕ್ಕೆ ಬಿದ್ದಿರುತ್ತದೆ. ಅದೇ ತಿರುವಿನಲ್ಲಿ ಗಂಟೆಗೆ 40 ಕಿಲೋಮೀಟರಿನ ಬದಲು 60ರಲ್ಲಿ ಹೋದರೆ ಪಕ್ಕಕ್ಕೆ ಬೇಕಾಗುವ ಹಿಡಿತ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು ಎಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ನಾವು ಹೆದರುವ ಈ ಜಾರುವಿಕೆಯನ್ನೇ ಕೆಲವರು ವಿದ್ಯೆಯನ್ನಾಗಿ ಸಾಧಿಸಿದರು. ಸ್ವೀಡನ್ನಿನ ಎರಿಕ್ ಕಾರ್ಲ್‌ಸನ್ ಪುಟ್ಟ ಎಂಜಿನ್ನಿನ ಸಾಬ್ 96 ಕಾರಿನಲ್ಲಿ 1960ರಿಂದ 1962ರವರೆಗೆ ಸತತ ಮೂರು ಬಾರಿ ಬ್ರಿಟನ್ನಿನ ಆರ್.ಎ.ಸಿ. ರ್ಯಾಲಿಯನ್ನು ಗೆದ್ದರು, 1962, 1963ರಲ್ಲಿ ಮಾಂಟೆ ಕಾರ್ಲೊವನ್ನೂ ಗೆದ್ದರು. ಪುಟ್ಟ ಮಿನಿ ಕೂಪರ್ ಕಾರು 1964, 1965, 1967ರಲ್ಲಿ ಅದೇ ಮಾಂಟೆ ಕಾರ್ಲೊದ ಹಿಮದ ಮೇಲೆ ಮೊದಲು ಬಂತು. ಎರಡೂ ಮುಂಗಾಲಿಯಿಂದ ಎಳೆಯುವ ಕಾರುಗಳೇ. ಇವರ ಮುಖ್ಯ ಯುಕ್ತಿ, ಬಲಗಾಲಿನಿಂದ ಆಕ್ಸಿಲರೇಟರನ್ನು ಬಿಡದೆ ಎಡಗಾಲಿನಿಂದ ಬ್ರೇಕ್ ಒತ್ತುವುದು. ಮುಂದಿನ ಗಾಲಿಗಳು ಎಂಜಿನ್ನಿನ ಬಲದಿಂದ ತಿರುಗುತ್ತಲೇ ಇರುತ್ತವೆ, ಹಿಂದಿನವು ಮಾತ್ರ ತಡೆದು ಜಾರುತ್ತವೆ. ತಿರುವಿಗೆ ಮುನ್ನ ಒಂದಿಷ್ಟು ಎದುರು ದಿಕ್ಕಿಗೆ ತಿರುಗಿಸಿ, ಮರುಕ್ಷಣ ಒಳಕ್ಕೆ ಎಳೆದು, ಉಯ್ಯಾಲೆಯಂತೆ ಬಾಲವನ್ನು ಬೀಸುವುದು ಇನ್ನೊಂದು. ಕೈಬ್ರೇಕಿನ ಉಪಾಯವೂ ಉಂಟು.

ಆದರೆ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಹಿಂದಿನಿಂದ ನೂಕುವ ಕಾರನ್ನು ಆಕ್ಸಿಲರೇಟರಿನ ಬಲದಿಂದಲೇ ಅಡ್ಡಡ್ಡ ಜಾರಿಸುತ್ತ ಒಯ್ಯಬಹುದು. ಮುಂದಿನಿಂದ ಎಳೆಯುವ ಕಾರು ಹಾಗಲ್ಲ. ಆಕ್ಸಿಲರೇಟರನ್ನು ಒತ್ತಿದೊಡನೆ ಮೂಗು ಎಳೆದು ಬಾಲವನ್ನು ನೇರಕ್ಕೆ ತರುತ್ತದೆ. ಜಾರು ಹುಟ್ಟುವುದು ಪಾದ ತೆಗೆದಾಗ, ಅಡಗುವುದು ಪಾದ ಇಟ್ಟಾಗ. ನಮ್ಮ ನೆರೆಯ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ರ್ಯಾಲಿಯ ಸುತ್ತು 2016ರಲ್ಲಿ ನಡೆಯಿತು. ಆ ವರ್ಷದ ಪ್ರಶಸ್ತಿ ಪಡೆದ ಗೌರವ್ ಗಿಲ್ ಅವರ ಸ್ಕೋಡಾ ನಾಲ್ಕೂ ಗಾಲಿಗಳಿಂದ ಎಳೆಯುವಂಥದು. ಅದನ್ನು ನೋಡಿ ಬಂದ ತರುಣರು ಮನೆಯ ಕಾರಿನಲ್ಲಿ ಅನುಕರಣೆಗೆ ಇಳಿದರೆ, ಅದು ಯಂತ್ರದ ವ್ಯಾಕರಣವನ್ನೇ ತಿಳಿಯದೆ ಪ್ರಾಸ ಹೊಂದಿಸಿದಂತೆ. ರ್ಯಾಲಿಯ ದಾರಿಯಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ.

ಘಾಟಿಯಲ್ಲಿ ನಾವು ಮಾಡಬೇಕಾದುದು ಇಷ್ಟೆ. ವೇಗವನ್ನು ತಿರುವಿನ ಒಳಗಲ್ಲ, ಅದಕ್ಕೆ ಮೊದಲೇ ನೇರ ದಾರಿಯಲ್ಲಿ ತಗ್ಗಿಸಿ, ಕೆಳಗಿನ ಗೇರಿಗೆ ಬನ್ನಿ. ತಿರುವಿನಲ್ಲಿ ಪಾದ ಹಗುರವಾಗಿ, ಒಂದೇ ಸಮನಾಗಿ ಇರಲಿ. ಮೂಗು ನೇರಕ್ಕೆ ಜಾರತೊಡಗಿದರೆ ಸ್ಟಿಯರಿಂಗನ್ನು ಇನ್ನಷ್ಟು ತಿರುಗಿಸಬೇಡಿ. ಸ್ವಲ್ಪ ಸಡಿಲಿಸಿ, ಪಾದವನ್ನು ಮೆಲ್ಲಗೆ ಇಳಿಸಿ. ಬಾಲ ಜಾರಿದರೆ, ಹೋಗಬೇಕಾದ ದಾರಿಯನ್ನೇ ನೋಡುತ್ತ ಸ್ಟಿಯರಿಂಗನ್ನು ಅತ್ತಲೇ ತಿರುಗಿಸಿ, ಬ್ರೇಕನ್ನು ಮುಟ್ಟದೆ, ಆಕ್ಸಿಲರೇಟರನ್ನು ತುಸುವೇ ಒತ್ತಿ. ಇದು ಮನಸ್ಸಿಗೆ ವಿರುದ್ಧವಾದ ಕೆಲಸ. ಗಾಲಿಗಳನ್ನು ತಾನೇ ತಡೆದು ಬಾಲವನ್ನು ಹತೋಟಿಗೆ ತರುವ ಎಲೆಕ್ಟ್ರಾನಿಕ್ ವ್ಯವಸ್ಥೆ ಕೆಲವು ಕಾರುಗಳಲ್ಲಿದೆ. ನಿಮ್ಮದರಲ್ಲಿ ಉಂಟೋ ಇಲ್ಲವೋ ಪುಸ್ತಿಕೆ ನೋಡಿ ತಿಳಿಯಿರಿ.

ಟಯರಿನ ಮಾತೊಂದು ಉಳಿಯಿತು. ಎಳೆಯುವ ಗಾಲಿಗಳು ಬೇಗ ಸವೆಯುತ್ತವೆಂದು, ಎರಡೇ ಹೊಸ ಟಯರು ಕೊಂಡಾಗ ಅವನ್ನು ಮುಂದಕ್ಕೆ ಹಾಕಿಸಿ ಸವೆದವನ್ನು ಹಿಂದಕ್ಕೆ ತಳ್ಳುವ ರೂಢಿ ಬಹಳ ಕಡೆ ಇದೆ. ಮಳೆಯಲ್ಲಿ ಬಾಲ ಜಾರುವುದಕ್ಕೆ ಇದಕ್ಕಿಂತ ಒಳ್ಳೆಯ ಆಹ್ವಾನವಿಲ್ಲ. ಟಯರು ತಯಾರಕರೇ ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿಸಲು ಹೇಳುತ್ತಾರೆ. ಗೆರೆಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನು ಒಪ್ಪುವುದಿಲ್ಲ. ಶಿರಾಡಿಯ ಮಳೆಗೆ ಅಷ್ಟು ಆಳವೂ ಸಾಲದು. ಜೂನ್ ತಿಂಗಳಿಗೆ ಮೊದಲು ಗ್ಯಾರೇಜಿಗೆ ಹೋದಾಗ ಮೆಕ್ಯಾನಿಕ್ ಎದುರಾಡಿದರೂ ಹೊಸ ಜೋಡಿಯನ್ನು ಹಿಂದಕ್ಕೇ ಹಾಕಿಸಿಕೊಂಡು ಬನ್ನಿ.